ಶಾಂಡ್ಲಿಯರ್ ಲಾಗ್: ಫ್ಯಾನ್ ನೆರಳು ಕೊನೆಗೂ ತೊಲಗಿತು

ಹಾಲ್‌ಗೆ ಶಾಂಡ್ಲಿಯರ್, ಅಂದರೆ ತೋಳುಗಳಿರೋ ತೂಗುದೀಪ, ಹಾಕೋ ಕೆಲಸ. ಹುಕ್ಕು, ವೈರಿಂಗು, ಚೈನು ಎಲ್ಲ ಮಾಮೂಲಿ, ಅದನ್ನು ಬಿಡಿ. ಸತಾಯಿಸಿದ್ದು ಫ್ಯಾನ್. ಶಾಂಡ್ಲಿಯರ್ ಅಂದಕ್ಕೆ ಅಡ್ಡ ಅಂತ ಬಳ್ಳಾರಿಯಲ್ಲಿ ಫ್ಯಾನ್ ಬಿಚ್ಚೋಕಾಗುತ್ತಾ? ಏಪ್ರಿಲ್‌ನಲ್ಲಿ ಆ ಮಾತೆತ್ತಿದರೆ ಮನೆಯವರು ನಮ್ಮನ್ನೇ ಹುಕ್ಕಿಗೆ ತೂಗುಹಾಕ್ತಾರೆ.

ಹಾಲ್ 12×16 ಅಡಿ, ಎತ್ತರ 10. ಉದ್ದ, ಅಗಲ ಕೂಡಿಸಿದಷ್ಟು ಇಂಚು ವ್ಯಾಸ ಅನ್ನೋ ಲೆಕ್ಕದಲ್ಲಿ 28 ಬರುತ್ತೆ. ಎರಡೂ ಬದಿಗೆ 48 ಇಂಚಿನ ಫ್ಯಾನ್ ಇರೋದರಿಂದ 24ಕ್ಕೆ ಇಳಿಸಬೇಕಾಯ್ತು. ರೆಕ್ಕೆಗೂ ತೋಳಿಗೂ ನಡುವೆ ಒಂದಡಿ ಜಾಗ. ಎಂಟು ತೋಳು, ಮೇಲ್ಮುಖದ 4 ವ್ಯಾಟ್ ಕ್ಯಾಂಡಲ್ ಬಲ್ಬು, 2700 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕು.

ಫ್ಯಾನ್ ಹಾಕಿದ್ದೇ ತಡ, ಛಾವಣಿಯೆಲ್ಲ ನೆರಳು ಪಟಪಟ. ಬಲ್ಬು 8 ಅಡಿಯಲ್ಲಿ, ರೆಕ್ಕೆ 8 ಅಡಿ 9 ಇಂಚಿನಲ್ಲಿ. ಮೇಲೆ ಹೋಗೋ ಬೆಳಕನ್ನು ರೆಕ್ಕೆ ಕತ್ತರಿಸುತ್ತೆ. ನಿಮಿಷಕ್ಕೆ 350 ಸುತ್ತು, ಮೂರು ರೆಕ್ಕೆ, ಅಂದರೆ ಸೆಕೆಂಡಿಗೆ 17-18 ಸಲ ನೆರಳು. ತಲೆನೋವು ಗ್ಯಾರಂಟಿ.

ಚೈನ್ ಗಿಡ್ಡ ಮಾಡಿ ಅನ್ನೋದು ಎಲ್ಲರ ಮೊದಲ ಸಲಹೆ. ಆಗ ಬಲ್ಬು ರೆಕ್ಕೆಗಿಂತ ಮೇಲೆ ಹೋಗಿ, ಕೆಳಗೆ ಬೀಳೋ ಬೆಳಕೇ ತುಂಡಾಗುತ್ತೆ. ಸೋಫಾದಲ್ಲಿ ಪೇಪರ್ ಓದೋಕಾಗಲ್ಲ. ಇಳಿಸೋಣ ಅಂದರೆ ಓಡಾಡೋ ಕಡೆ ತಳಕ್ಕೆ 7 ಅಡಿಯಾದರೂ ಬೇಕು.

ಪರಿಹಾರ: ತೋಳು ತಿರುಗಿಸಿ ಬಲ್ಬನ್ನು ಕೆಳಮುಖ ಮಾಡಿ, ಬೆಳಕು ತೂರದ 5 ಇಂಚಿನ ಹಿತ್ತಾಳೆ ಕಪ್ ಹಾಕೋದು. ಬಲ್ಬಿನ ತುದಿ ಕಪ್ಪಿನ ಅಂಚಿಗಿಂತ ಅರ್ಧ ಇಂಚು ಒಳಗೇ ಇರಬೇಕು, ಇಣುಕಿದರೆ ಕಣ್ಣಿಗೆ ಹೊಡೆಯುತ್ತೆ. ತಲೆಕೆಳಗಾದ ಎಲ್‌ಇಡಿಯಲ್ಲಿ ಬಿಸಿಯೆಲ್ಲ ಮೇಲೇರಿ ಬಲ್ಬಿನ ಬುಡದಲ್ಲಿರೋ ಡ್ರೈವರ್ ಸರ್ಕ್ಯೂಟ್‌ಗೇ ಕೂರುತ್ತೆ, ನಮ್ಮ ಸೆಕೆ ಬೇರೆ. ಅದಕ್ಕೆ ಕಪ್ಪಿನ ಕತ್ತಿನ ಸುತ್ತ ನಾಲ್ಕು ತೂತು, ಬೆಳಕು ಸೋರದಂತೆ ಮೇಲೊಂದು ಅಗಲ ವಾಷರ್.

ಈ ಅರ್ಧ ಇಂಚಿಗೇ ಸಪ್ಲೈಯರ್ ಕಲ್ಲು ಹಾಕಿದ್ದು. ಕೇಳಿದ್ದು ಇ14 ಬಲ್ಬು (14 ಮಿ.ಮೀ. ತಿರುಪಿನ ಬುಡ), ಬಂದದ್ದು ದಪ್ಪ ಬುಡದ ಇ27. "ಅಡಾಪ್ಟರ್ ಹಾಕ್ಕೊಳ್ರೀ ಸರ, ಏನಾಗಂಗಿಲ್ಲ." ಆಗೋದು ಇಷ್ಟೇ: ಅಡಾಪ್ಟರ್ ಉದ್ದಕ್ಕೆ ಬಲ್ಬು ಕಪ್ಪಿನಿಂದ ಹೊರಗೆ. ವಾಪಸ್ ಕಳಿಸೋ ಖರ್ಚೂ ನಮ್ಮದೇ ಅಂತೆ!

ಈಗ ಛಾವಣಿ ಕತ್ತಲು. ಉದ್ದದ ಎರಡು ಗೋಡೆಗೆ 9 ಅಡಿ 3 ಇಂಚಿನಲ್ಲಿ, ಅಂದರೆ ರೆಕ್ಕೆಗಿಂತ ಮೇಲೆ, ಪಿಒಪಿ ಕೋವ್, ಅಂದರೆ ದೀಪ ಮರೆಸೋ ಅಂಚು; ಒಳಗೆ ಮೇಲ್ಮುಖವಾಗಿ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್, ಒಟ್ಟು 10 ಮೀಟರ್, 96 ವ್ಯಾಟ್. ಐದೈದು ಮೀಟರಿಗೆ ಬೇರೆ ಬೇರೆ ವೈರ್ ಎಳೀರಿ. ಒಂದರ ಬಾಲಕ್ಕೆ ಇನ್ನೊಂದು ಬೆಸೆದರೆ ಕೊನೆಯ ಬಲ್ಬುಗಳು ಮಂಕಾಗುತ್ತವೆ. ಬೆಳಕು ಇಡೀ ಛಾವಣಿಗೆ ಹರಡಿ ಇಳಿಯೋದರಿಂದ ರೆಕ್ಕೆಗೆ ಗಟ್ಟಿ ನೆರಳೇ ಹುಟ್ಟಲ್ಲ.

ಮುಂದಿನದು ಊಟದ ಟೇಬಲ್ಲಿಗೆ, ಟೇಬಲ್ಲಿನಿಂದ 30 ಇಂಚು ಮೇಲೆ: ಕೊಪ್ಪಳದ ಕಿನ್ನಾಳ ಗೊಂಬೆಯವರ ಬಣ್ಣದ ಕೆಲಸದ, ಬಳೆಯಾಕಾರದ ಮರದ ದೀಪ. ಮರದೊಳಗೆ 230 ವೋಲ್ಟ್ ಬೇಡ, 12 ವೋಲ್ಟೇ ಸಾಕು. ಕೋವ್‌ಗೆ ಹಾಕಿದ ಎಸ್‌ಎಂಪಿಎಸ್ (230 ವೋಲ್ಟನ್ನು 12ಕ್ಕೆ ಇಳಿಸೋ ಪೆಟ್ಟಿಗೆ) 150 ವ್ಯಾಟಿನದು, ಶೇ. 80 ದಾಟದಂತೆ ನೋಡಿಕೊಂಡರೂ ಇನ್ನೂ 24 ವ್ಯಾಟ್ ಸಿಗುತ್ತೆ.