ವಿಕ್ಟೋರಿಯಾ ರೂಪಾಯಿಯಲ್ಲಿ ಅಚ್ಚಿನ ಭೇದ ಹಿಡಿಯುವುದು

1840 ಎಂದು ಬರೆದಿರುವ ವಿಕ್ಟೋರಿಯಾ ಬೆಳ್ಳಿ ರೂಪಾಯಿ ಆ ವರ್ಷವೇ ಟಂಕಿಸಿದ್ದು ಎಂದು ನಂಬಬೇಡಿ. ಇಸವಿ ಬದಲಿಸದೆ ಸುಮಾರು ಎರಡು ದಶಕ ಅದನ್ನೇ ಒತ್ತಿದರು. ಆಮೇಲೆ ಬಂದ 1862 ಕೂಡ ಹಾಗೇ ನಿಂತಿತು. ರೂಪಾಯಿಯ ಮೇಲೆ ಮುಂದಿನ ಇಸವಿ ಕಾಣುವುದು 1874ರಲ್ಲೇ. ಹಾಗಾಗಿ ಈ ಎರಡು ಇಸವಿಗಳಲ್ಲಿ ನಾಣ್ಯ ಯಾವ ಟಂಕಸಾಲೆಯದು, ಸುಮಾರು ಯಾವಾಗಿನದು ಎಂದು ಹೇಳುವುದು ಅಚ್ಚಿನ ಭೇದವೇ, ಅಂದರೆ ನಾಣ್ಯ ಒತ್ತುವ ಉಕ್ಕಿನ ಅಚ್ಚುಗಳ ನಡುವಿನ ಸಣ್ಣಪುಟ್ಟ ವ್ಯತ್ಯಾಸ.

ಸಾಮಾನು ಹೆಚ್ಚು ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ), 0.01 ಗ್ರಾಂ ತೋರಿಸುವ ತಕ್ಕಡಿ, ಒಂದೇ ಒಂದು ದೀಪ. ದೀಪ ತಲೆಯ ಮೇಲಿದ್ದರೆ ಏನೂ ಕಾಣುವುದಿಲ್ಲ. ಪಕ್ಕದಿಂದ, ಮೇಜಿಗೆ ತಾಗುವಷ್ಟು ಓರೆಯಾಗಿ ಬೆಳಕು ಬಿಟ್ಟು ನಾಣ್ಯವನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಒಂದು ದಿಕ್ಕಿನಲ್ಲಿ ಉಬ್ಬಿನಂತೆ ಕಂಡದ್ದು ಇನ್ನೊಂದು ದಿಕ್ಕಿನಲ್ಲಿ ತಗ್ಗಾಗಿ ಕಂಡರೆ ನೆರಳು ಯಾವ ಕಡೆ ಬೀಳುತ್ತಿದೆ ನೋಡಿ ತೀರ್ಮಾನಿಸಬೇಕು. ನೋಡುವ ಮೊದಲು ಹುಣಸೆಹಣ್ಣು, ಪಾಲಿಶ್ ಹಚ್ಚಿ ತಿಕ್ಕುವವರಿದ್ದಾರೆ. ದಯವಿಟ್ಟು ಬೇಡ: ಉಜ್ಜಿದರೆ ಮೊದಲು ಅಳಿಸುವುದೇ ನಾವು ಹುಡುಕುತ್ತಿರುವ ಚುಕ್ಕಿ, ಗೀರುಗಳು.

1840ರದನ್ನು ಮೊದಲು ಬರಹದಿಂದ ಬೇರ್ಪಡಿಸಿ. ವಿಕ್ಟೋರಿಯಾ ಕ್ವೀನ್ ಎಂಬ ಇಂಗ್ಲಿಷ್ ಅಕ್ಷರಗಳು ತಲೆಯ ಮೇಲಿಂದ ಒಂದೇ ಸಾಲಾಗಿ ಬಳಸಿದ್ದರೆ ಹಳೆಯ ಮಾದರಿ. ತಲೆಯ ಎರಡು ಪಕ್ಕಕ್ಕೆ ಒಡೆದಿದ್ದರೆ ನಂತರದ್ದು. ಮುಂದೆ ಕತ್ತಿನ ಕೆಳಗಿನ ಕತ್ತರಿಸಿದ ಭಾಗದಲ್ಲಿ ಡಬ್ಲ್ಯೂ ಡಬ್ಲ್ಯೂ ಉಬ್ಬಿದೆಯೋ ತಗ್ಗಿದೆಯೋ ನೋಡಿ. ಅದು ಕೆತ್ತನೆಗಾರ ವಿಲಿಯಂ ವಯಾನ್‌ನ ಹೆಸರಿನ ಮೊದಲಕ್ಷರಗಳು. ಮತ್ತೆ ಹಿಂಬದಿಯ ಎಲೆಮಾಲೆಯ ಹಣ್ಣುಗಳ ಎಣಿಕೆ: 19, 28, 34, 35 ಹೀಗೆ ಅಚ್ಚಿಗೊಂದು ಲೆಕ್ಕ. ಬರಿಗಣ್ಣಲ್ಲಿ ಎಣಿಸಿದರೆ ಪ್ರತಿ ಸಲ ಬೇರೆ ಸಂಖ್ಯೆ ಬರುತ್ತದೆ. ಫೋಟೋ ತೆಗೆದು ದೊಡ್ಡದು ಮಾಡಿ, ರಿಬ್ಬನ್ನಿನ ಗಂಟಿನಿಂದ ಶುರುಮಾಡಿ ಒಂದೊಂದಕ್ಕೂ ಗುರುತು ಹಾಕುತ್ತಾ ಹೋಗಿ. ಸವೆದ ನಾಣ್ಯದಲ್ಲಿ ಹಣ್ಣು ಹೋಗಿ ತೊಟ್ಟು ಮಾತ್ರ ಉಳಿದಿರುತ್ತದೆ. ಅದನ್ನೂ ಎಣಿಕೆಗೆ ಸೇರಿಸಬೇಕು.

1862ರ ನಾಣ್ಯದಲ್ಲಿ ಕೆಲಸ ಹೆಚ್ಚು. ರಾಣಿಯ ಉಡುಪಿನ ಮುಂಭಾಗದ ಪಟ್ಟಿಯ ಕಸೂತಿ, ಹಿಂಬದಿಯ ಹೂಬಳ್ಳಿಯಲ್ಲಿ ಮೇಲ್ತುದಿಯ ಹೂವು, ಇವೆರಡರ ಜೋಡಣೆಯಿಂದ ಮಾದರಿ ಗೊತ್ತಾಗುತ್ತದೆ. ಬೊಂಬಾಯಿಯ ರೂಪಾಯಿಗಳಲ್ಲಿ ಇಸವಿಯ ಆಸುಪಾಸಿನಲ್ಲಿ ಸಣ್ಣ ಚುಕ್ಕಿಗಳೂ ಇರುತ್ತವೆ. ಇಸವಿ ಬದಲಾಗದಿದ್ದರೂ ಒಳಗೊಳಗೇ ವರ್ಷ ಗುರುತಿಸಲು ಮಾಡಿಕೊಂಡ ಏರ್ಪಾಡು. ಇಲ್ಲೇ ಹೆಚ್ಚಿನವರು ಎಡವುವುದು. ಅಚ್ಚಿನಲ್ಲಿ ಚುಕ್ಕಿ ಎಂದರೆ ಒಂದು ಪುಟ್ಟ ಕುಳಿ. ಅದರಲ್ಲಿ ಎಣ್ಣೆಜಿಡ್ಡು, ಲೋಹದ ಪುಡಿ ತುಂಬಿಕೊಂಡರೆ ನಾಣ್ಯದಲ್ಲಿ ಚುಕ್ಕಿ ಮೂಡುವುದೇ ಇಲ್ಲ. ಆದ್ದರಿಂದ ಚುಕ್ಕಿ ಇದ್ದರೆ ಅದು ಸಾಕ್ಷಿ, ಇಲ್ಲದಿದ್ದರೆ ಬರೀ ಅನುಮಾನ. ಉಲ್ಟಾ ಕೂಡ ಆಗುತ್ತದೆ: ಅಚ್ಚಿನ ಉಕ್ಕು ಚಕ್ಕೆ ಎದ್ದರೂ ನಾಣ್ಯದಲ್ಲಿ ಉಬ್ಬು ಬರುತ್ತದೆ. ಬೇಕೆಂದೇ ಇಟ್ಟ ಚುಕ್ಕಿ ದುಂಡಗೆ, ಅಂಚು ತೀಡಿದಂತೆ ಇರುತ್ತದೆ. ಚಕ್ಕೆಯ ಗುರುತು ಸೊಟ್ಟಸೊಟ್ಟಾಗಿ, ಹೆಚ್ಚಾಗಿ ಅಕ್ಷರಕ್ಕೋ ಅಂಕಿಗೋ ಅಂಟಿಕೊಂಡಿರುತ್ತದೆ.

ನಂತರದ ಇಸವಿಗಳಲ್ಲಿ ಟಂಕಸಾಲೆಯ ಅಕ್ಷರ ಮುಖ್ಯ. ಬೊಂಬಾಯಿಯ ಬಿ ಉಬ್ಬಾಗಿಯೂ ತಗ್ಗಾಗಿಯೂ ಸಿಗುತ್ತದೆ. ಕಲ್ಕತ್ತೆಯ ಸಿ ತಗ್ಗು. ನಾಣ್ಯದಲ್ಲಿ ಉಬ್ಬಿದ ಅಕ್ಷರವನ್ನು ಒಂದೊಂದು ಅಚ್ಚಿಗೂ ಕೈಯಿಂದ ಹೊಡೆದು ಕೂರಿಸಬಹುದು, ಹಾಗಾಗಿ ಅದರ ಜಾಗ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ, ಎರಡು ಸಲ ಹೊಡೆದ ಗುರುತೂ ಉಳಿಯಬಹುದು. ತಗ್ಗಿನ ಅಕ್ಷರ ಬರಬೇಕಾದರೆ ಅದು ಅಚ್ಚಿನಲ್ಲಿ ಉಬ್ಬಿರಬೇಕು. ಅದನ್ನು ಅಚ್ಚಿಗೆ ಹೊಡೆದು ಮಾಡಲಾಗದು, ಅಚ್ಚುಗಳನ್ನು ಒತ್ತಿ ತೆಗೆಯುವ ಮೂಲ ಪಡಿಯಚ್ಚಿನಲ್ಲೇ ಇರಬೇಕು. ಸವೆತದಲ್ಲೂ ವ್ಯತ್ಯಾಸವಿದೆ: ಉಬ್ಬಿದ ಬಿ ಬೇಗ ಅಳಿಸುತ್ತದೆ, ತಗ್ಗಿನದು ಕೊಳೆ ತುಂಬಿಕೊಂಡು ಕೊನೆಯವರೆಗೂ ಕಪ್ಪಗೆ ಕಾಣುತ್ತದೆ.

ಅಕ್ಷರ ಜೋಡಿಯಾಗಿ ಕಂಡ ಕೂಡಲೇ ‘ಡಬಲ್ ಡೈ’ (ಅಚ್ಚಿನಲ್ಲೇ ರೂಪ ಜೋಡಿಯಾಗಿ ಮೂಡಿದ್ದು) ಎಂದು ಬೆಲೆ ಏರಿಸುವುದು ಮಾರುವವರ ಚಾಳಿ. ಹತ್ತಿರದಿಂದ ನೋಡಿ. ಎರಡನೆಯ ರೂಪ ಚಪ್ಪಟೆಯಾದ ಮೆಟ್ಟಿಲಿನಂತೆ, ಅಕ್ಷರಕ್ಕಿಂತ ತಗ್ಗಿನಲ್ಲಿ ಹೊಳೆಯುತ್ತಿದ್ದು, ಅಕ್ಷರವೇ ಸಣಕಲಾಗಿದ್ದರೆ ಅದು ಒತ್ತುವಾಗ ಅಚ್ಚು ಅಲುಗಿದ್ದಷ್ಟೇ. ಅದಕ್ಕೆ ಹೆಚ್ಚಿಗೆ ಕೊಡಬೇಕಾಗಿಲ್ಲ. ಅಚ್ಚೇ ಜೋಡಿಯಾಗಿದ್ದರೆ ಎರಡೂ ರೂಪಗಳು ದುಂಡಗಿರುತ್ತವೆ, ಅಕ್ಷರ ದಪ್ಪಗಿರುತ್ತದೆ, ಮೂಲೆಗಳು ಸೀಳಿದಂತಿರುತ್ತವೆ. ಸವೆದ ಅಚ್ಚಿನಲ್ಲಿ ಅಕ್ಷರಗಳು ಅಂಚಿನ ಕಡೆಗೆ ಹರಡಿಕೊಳ್ಳುತ್ತವೆ. ಅದು ಮೂರನೆಯ ಬಗೆ, ಅದಕ್ಕೂ ಬೆಲೆಯಿಲ್ಲ.

ಯಾವ ಗುರುತನ್ನೂ ಭೇದ ಎಂದು ಬರೆದಿಡುವ ಮೊದಲು ಅದೇ ಗುರುತು ಅದೇ ಜಾಗದಲ್ಲಿರುವ ಇನ್ನೊಂದು ನಾಣ್ಯ ಸಿಗಬೇಕು. ಅಚ್ಚು ಬಿರುಕು ಬಿಟ್ಟರೆ ನಾಣ್ಯದಲ್ಲಿ ಉಬ್ಬುಗೆರೆ ಬರುತ್ತದೆ. ತಗ್ಗುಗೆರೆ ಸಾಮಾನ್ಯವಾಗಿ ಜನರ ಕೈಯಲ್ಲಿ ಬಿದ್ದ ಗೀರು. ಒಂದೇ ಬಿರುಕು ಎರಡು ನಾಣ್ಯಗಳಲ್ಲಿ ಹೊಂದಿಕೊಂಡರೆ, ಒಂದರಲ್ಲಿ ಉದ್ದವಾಗಿದ್ದರೆ, ಉದ್ದದ್ದೇ ಆಮೇಲೆ ಒತ್ತಿದ್ದು ಎಂದೂ ತಿಳಿಯುತ್ತದೆ.

ಆದರೆ ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಗುಳಿ, ಒಂದೇ ಗೀರು ಸಿಕ್ಕಿತೋ, ಖುಷಿಪಡಬೇಡಿ. ಪೆಟ್ಟು ಬಿದ್ದ ಒಂದು ನಾಣ್ಯದಿಂದ ಎರಕ ಹೊಯ್ದ ನಕಲುಗಳು ಆ ಪೆಟ್ಟನ್ನೂ ಹೊತ್ತು ಬರುತ್ತವೆ. ತೂಕ 11.66 ಗ್ರಾಂ ಆಸುಪಾಸಿದೆಯೇ, ಅಡ್ಡಳತೆ 30.5 ಮಿ.ಮೀ.ಗೆ ಸಮೀಪವಿದೆಯೇ ನೋಡಿ. ಬಹಳ ಓಡಾಡಿದ ನಾಣ್ಯ ಸ್ವಲ್ಪ ಹಗುರವಾಗುವುದು ಸಹಜ. ಚಿತ್ರ ಹರಿತವಾಗಿದ್ದೂ ತೂಕ ಕಡಿಮೆ ಬಂದರೆ ಮಾತ್ರ ಬಿಡಿ. ಕೊನೆಗೆ ಅಂಚಿನ ಗೀರುಗಳ ಮೇಲೆ ಲೂಪ್ ಓಡಿಸಿ. ಎರಕದ ಸೇರಿಕೆಯನ್ನು ಅರದಿಂದ ತೀಡಿದ ಗುರುತು ಅಲ್ಲಿ ಸಿಗುವುದುಂಟು.