ರೂರ್ಕೆಲಾಕ್ಕೆ ಹಾಕಿ ನೋಡಲು ಹೋಗುವವರಿಗೆ ಕೆಲವು ಮಾತು

ಒಡಿಶಾದ ರೂರ್ಕೆಲಾದಲ್ಲಿರುವ ಬಿರ್ಸಾ ಮುಂಡಾ ಹಾಕಿ ಕ್ರೀಡಾಂಗಣದಲ್ಲಿ ಪಂದ್ಯ ನೋಡಬೇಕೆಂದಿರುವವರು ಭಾರತ ಆಡುವ ದಿನವನ್ನಷ್ಟೇ ನೋಡಿಕೊಂಡು ಪ್ರಯಾಣ ಗೊತ್ತುಮಾಡಬೇಡಿ. 2023ರ ಜನವರಿಯಲ್ಲಿ ವಿಶ್ವಕಪ್ ನಡೆದಾಗ ನಾನು ಮತ್ತು ನನ್ನ ಚಿಕ್ಕಪ್ಪ ಅಲ್ಲಿಗೆ ಹೋಗಿ ಕಲಿತ ಮುಖ್ಯ ಪಾಠ ಇದು. ಬೆಂಗಳೂರಿನಿಂದ ರಾಂಚಿ ಬಳಿಯ ಹಟಿಯಾಕ್ಕೆ ಹೋಗುವ ರೈಲುಗಳು ರೂರ್ಕೆಲಾದಲ್ಲಿ ನಿಲ್ಲುತ್ತವೆ. ಒಂದೂವರೆ ದಿನದ ಪ್ರಯಾಣ. ವಯಸ್ಸಾದವರು ಜೊತೆಗಿದ್ದರೆ ವಿಮಾನದಲ್ಲಿ ಝಾರ್ಸುಗುಡಾಕ್ಕೋ ರಾಂಚಿಗೋ ಹೋಗಿ, ಅಲ್ಲಿಂದ ರೈಲು ಹಿಡಿಯುವುದು ಉತ್ತಮ.

ಮೊದಲು ಕೋಣೆಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಾವು ಮೋಸ ಹೋದದ್ದು ಅಲ್ಲಿಯೇ. ಒಂದು ತಿಂಗಳು ಮುಂಚಿತವಾಗಿ ಫೋನಿನಲ್ಲಿ ಮಾತಾಡಿ, ದಿನಕ್ಕೆ 1,800 ರೂಪಾಯಿಯಂತೆ ಒಪ್ಪಿಸಿ, ಒಂದು ದಿನದ ಬಾಡಿಗೆಯನ್ನು ಮುಂಗಡವಾಗಿ ಕಳುಹಿಸಿದ್ದೆವು. 13ರ ಬೆಳಿಗ್ಗೆ ಸಾಮಾನು ಹೊತ್ತು ಹೋಗಿ ನಿಂತಾಗ, ಆ ದರ ಪಂದ್ಯಗಳಿಲ್ಲದ ದಿನಗಳದ್ದೆಂದೂ ಈಗ 5,500 ರೂಪಾಯಿ ಕೊಡಬೇಕೆಂದೂ ಹೇಳಿದರು. ನಮ್ಮ ಬಳಿ ಇದ್ದದ್ದು ಹಣ ಸಂದಾಯವಾದ ಸಂದೇಶ ಮಾತ್ರ. ದಿನಾಂಕವಾಗಲಿ ದರವಾಗಲಿ ಬರಹದಲ್ಲಿ ಎಲ್ಲಿಯೂ ಇರಲಿಲ್ಲ. ಊರಿನಲ್ಲಿ ಬೇರೆ ಕೋಣೆ ಖಾಲಿಯಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಎಪ್ಪತ್ತು ದಾಟಿದ ಚಿಕ್ಕಪ್ಪನನ್ನು ಬೀದಿಯಲ್ಲಿ ನಿಲ್ಲಿಸಲಾರದೆ ಕೇಳಿದಷ್ಟು ಕೊಟ್ಟೆ. ಕಿಟಕಿಯ ಕೆಳಗೇ ಜನರೇಟರ್ ಇದ್ದ ಆ ಕೋಣೆಯಲ್ಲಿ ಬಿಸಿನೀರೂ ಬರುತ್ತಿರಲಿಲ್ಲ. ಆದ್ದರಿಂದ ದಿನಾಂಕ, ದರ, ಮುಂಗಡ ಮೂರನ್ನೂ ನಮೂದಿಸಿದ ಸಂದೇಶವನ್ನು ತರಿಸಿಕೊಳ್ಳದೆ ಹಣ ಕಳುಹಿಸಬೇಡಿ. ದೊಡ್ಡ ಪಂದ್ಯಾವಳಿಯ ಸಮಯವಾದರೆ ಸುಮಾರು 30 ಕಿಲೋಮೀಟರ್ ದೂರದ ರಾಜಗಂಗಪುರದಲ್ಲಿ ಕೋಣೆ ವಿಚಾರಿಸಿ. ಅದು ಅದೇ ರೈಲು ಮಾರ್ಗದಲ್ಲಿದೆ.

ಆ ಬೇಸರವನ್ನು ಮರೆಸಿದ್ದು ರೈಲು ನಿಲ್ದಾಣದ ಹಿಂಬದಿಯ ಒಂದು ತಗಡಿನ ಚಾವಣಿಯ ಊಟದ ಅಂಗಡಿ. ಗಂಡ ಹೆಂಡತಿ ಇಬ್ಬರೇ ನಡೆಸುವ ಆ ಅಂಗಡಿಗೆ ಹೆಸರಿನ ಫಲಕವೂ ಇಲ್ಲ. ಬೆಳಿಗ್ಗೆ ಘುಗುನಿಯ ಜೊತೆ ಬಿಸಿ ಬರಾ ಕೊಡುತ್ತಾರೆ. ಘುಗುನಿ ಎಂದರೆ ಒಣ ಬಟಾಣಿಯ ಮಸಾಲೆ, ಬರಾ ನಮ್ಮ ಉದ್ದಿನ ವಡೆಯ ಹತ್ತಿರದ ಬಂಧು. ಮಧ್ಯಾಹ್ನ ಅನ್ನ, ಡಾಲ್ಮಾ, ಸೊಪ್ಪಿನ ಪಲ್ಯ, ಬೇಕೆಂದವರಿಗೆ ಮೀನಿನ ಸಾರು. ಡಾಲ್ಮಾ ನೋಡಲು ನಮ್ಮ ಹುಳಿಯಂತೆಯೇ ಕಾಣುತ್ತದೆ, ಆದರೆ ಹುಣಸೆಹಣ್ಣು ಹಾಕುವುದಿಲ್ಲ. ಬೇಳೆಯ ಜೊತೆಗೇ ಪರಂಗಿಕಾಯಿ, ಕುಂಬಳ, ಬದನೆ ಬೆಂದು, ಕೊನೆಗೆ ಹುರಿದ ಜೀರಿಗೆ ಮತ್ತು ಒಣಮೆಣಸಿನಕಾಯಿಯ ಪುಡಿ ಬೀಳುತ್ತದೆ. ಊಟಕ್ಕೆ ಆಗ 60 ರೂಪಾಯಿ. ಅನ್ನ, ಡಾಲ್ಮಾ ಎರಡನ್ನೂ ಕೇಳಿದಷ್ಟು ಬಡಿಸುತ್ತಿದ್ದರು. ಸಂಕ್ರಾಂತಿಯ ಸಮಯವಾದ್ದರಿಂದ ಆ ತಾಯಿ ನಮಗೆ ಮಕರ ಚಾಉಳ ಕೊಟ್ಟರು. ಹೊಸ ಅಕ್ಕಿಗೆ ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣು, ಎಳ್ಳು ಕಲಸಿದ ಆ ಪ್ರಸಾದಕ್ಕೆ ಎಷ್ಟು ಹೇಳಿದರೂ ಹಣ ಮುಟ್ಟಲಿಲ್ಲ. ಮನೆಯ ಎಳ್ಳುಬೆಲ್ಲ ತಪ್ಪಿತೆಂದು ಕೊರಗುತ್ತಿದ್ದ ಚಿಕ್ಕಪ್ಪ ಅಂದು ಎರಡು ಬಾರಿ ಕೈಯೊಡ್ಡಿದರು.

ಕ್ರೀಡಾಂಗಣವಿರುವುದು ಬಿಜು ಪಟ್ನಾಯಕ್ ತಾಂತ್ರಿಕ ವಿಶ್ವವಿದ್ಯಾಲಯದ ಆವರಣದಲ್ಲಿ. ನಾವು ಹೋಗುವ ವಾರದ ಹಿಂದಷ್ಟೇ, ಜನವರಿ 5ರಂದು, ಅದರ ಉದ್ಘಾಟನೆಯಾಗಿತ್ತು. 20,011 ಆಸನಗಳಿದ್ದರೂ ಗ್ಯಾಲರಿ ಆಟದ ಅಂಕಣಕ್ಕೆ ಎಷ್ಟು ಹತ್ತಿರವಿದೆಯೆಂದರೆ, ಚೆಂಡು ಗೋಲಿನ ಹಲಗೆಗೆ ಬಡಿಯುವ ಸದ್ದು ನಮ್ಮ ಸಾಲಿಗೂ ಕೇಳುತ್ತಿತ್ತು. 13ರ ಸಂಜೆ ಸ್ಪೇನ್ ವಿರುದ್ಧ 12ನೆಯ ನಿಮಿಷದಲ್ಲಿ ಅಮಿತ್ ರೋಹಿದಾಸ್ ಗೋಲು ಹೊಡೆದಾಗ ಎದ್ದ ಕೂಗನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ರೋಹಿದಾಸ್ ಇದೇ ಸುಂದರಗಢ ಜಿಲ್ಲೆಯ ಸೌನಾಮಾರಾದವರು. ಭಾರತ ತಂಡದ ಮಾಜಿ ನಾಯಕ ದಿಲೀಪ್ ತಿರ್ಕಿಯವರದೂ ಅದೇ ಊರು. ಆ ಜನರು ತಮ್ಮ ಮನೆಯ ಹುಡುಗನಿಗಾಗಿ ಕೂಗಿದರು. 26ನೆಯ ನಿಮಿಷದಲ್ಲಿ ಹಾರ್ದಿಕ್ ಸಿಂಗ್ ಎರಡನೆಯ ಗೋಲು ಸೇರಿಸಿ ಭಾರತ 2-0ಯಿಂದ ಗೆದ್ದಿತು. 15ರಂದು ಇಂಗ್ಲೆಂಡ್ ಜೊತೆಗಿನ ಪಂದ್ಯದಲ್ಲಿ ಅದೇ ಹಾರ್ದಿಕ್ ತೊಡೆಯ ಸ್ನಾಯು ಹಿಡಿದು ಹೊರನಡೆದಾಗ ಇಡೀ ಗ್ಯಾಲರಿ ಸ್ತಬ್ಧವಾಯಿತು. ಆ ಪಂದ್ಯ ಗೋಲಿಲ್ಲದೆ ಮುಗಿಯಿತು.

ಆದರೆ ನೂಕುನುಗ್ಗಲು ನನ್ನ ಮೈಗೆ ಒಗ್ಗುವುದಿಲ್ಲ. ಭಾರತದ ಎರಡೂ ಪಂದ್ಯಗಳಿಗೆ ಒಳಗೆ ಸೇರಲು ಒಂದು ಗಂಟೆಗೂ ಹೆಚ್ಚು ಸಾಲಿನಲ್ಲಿ ನಿಂತೆವು. ಮುಗಿದ ಮೇಲೆ ಆಟೊ ಸಿಗದೆ ಮುಕ್ಕಾಲು ಗಂಟೆ ಚಳಿಯಲ್ಲಿ ನಡೆದೆವು. ಭಾರತ ಆಡುವ ದಿನ ಹೋಗುವವರು ಅಂದಿನ ಮೊದಲ ಪಂದ್ಯಕ್ಕೇ ಒಳಗಿರಬೇಕು, ಚೀಲ ಒಯ್ಯಬಾರದು, ದಪ್ಪ ಸ್ವೆಟರ್ ಮರೆಯಬಾರದು. ಜನವರಿಯ ರಾತ್ರಿಯಲ್ಲಿ ಅಲ್ಲಿಯ ಚಳಿ ಮಡಿಕೇರಿಯ ಚಳಿಗೆ ಕಡಿಮೆಯದಲ್ಲ.

ನಾನು ನಿಮಗೆ ನಿಜವಾಗಿ ಹೇಳಬೇಕೆಂದಿರುವುದು 16ರ ಸೋಮವಾರದ ವಿಷಯ. ಅಂದು ಮಧ್ಯಾಹ್ನ ಒಂದರಿಂದ ರಾತ್ರಿಯವರೆಗೆ ನಾಲ್ಕು ಪಂದ್ಯಗಳಿದ್ದವು, ಭಾರತದ್ದು ಒಂದೂ ಇರಲಿಲ್ಲ. ಬೇಕಾದ ಕಡೆ ಕುಳಿತು ನೋಡುವಷ್ಟು ಜಾಗವಿತ್ತು. ಆಟಕ್ಕೆ ಮುನ್ನ ನೀಲಿ ಟರ್ಫಿಗೆ ನೀರು ಚಿಮ್ಮಿಸುವುದನ್ನೂ ಗೋಲ್‌ಕೀಪರುಗಳು ಕವಚ ಕಟ್ಟಿಕೊಳ್ಳುವುದನ್ನೂ ಸಮಾಧಾನದಿಂದ ನೋಡಿದೆವು. ಬಂದಿದ್ದವರೆಲ್ಲರೂ ಆಟ ಬಲ್ಲವರು. ಮೊದಲ ಬಾರಿಗೆ ವಿಶ್ವಕಪ್ ಆಡುತ್ತಿದ್ದ ಚಿಲಿ ತಂಡ ಮಲೇಷ್ಯಾಕ್ಕೆ 2-3ರಿಂದ ಸೋತರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರು, ನೆದರ್ಲೆಂಡ್ಸ್ ಆಟಗಾರರು ಪೆನಾಲ್ಟಿ ಕಾರ್ನರಿಗೆ ಎಲ್ಲಿ ನಿಲ್ಲುತ್ತಾರೆ, ಏಕೆ ನಿಲ್ಲುತ್ತಾರೆ ಎಂಬುದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಅವರ ಹಳ್ಳಿಗಳ ಕಡೆ ಸುಗ್ಗಿಯ ನಂತರ ನಡೆಯುವ ಖಸಿ ಪಂದ್ಯಾವಳಿಗಳಲ್ಲಿ ಗೆದ್ದ ತಂಡಕ್ಕೆ ಹೋತವೇ ಬಹುಮಾನವಂತೆ. ಹೆಸರೂ ಅದರಿಂದಲೇ ಬಂದದ್ದು. ಚಿಕ್ಕಪ್ಪ ಅವರಿಗೆ ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬದ ಬಗ್ಗೆ, 1997ರಲ್ಲಿ ಕೊಡಗಿನ ಕರಡದಲ್ಲಿ ಅದು ಆರಂಭವಾದ ಬಗೆ, ಒಂದೇ ಮನೆತನದ ಅಜ್ಜ ಮೊಮ್ಮಗ ಒಟ್ಟಿಗೆ ಆಡುವುದರ ಬಗ್ಗೆ ವಿವರಿಸಿದರು. ಹರಕು ಮುರುಕು ಹಿಂದಿಯಲ್ಲಿ ಇಬ್ಬರೂ ಎರಡು ಪಂದ್ಯ ಮುಗಿಯುವವರೆಗೆ ಮಾತಾಡಿದರು. ಭಾರತ ಆಡುವ ದಿನದ ಗದ್ದಲದಲ್ಲಿ ಇಂಥ ಮಾತಿಗೆ ಅವಕಾಶವೇ ಇರುವುದಿಲ್ಲ.

2024ರ ಡಿಸೆಂಬರಿನಿಂದ 2025ರ ಫೆಬ್ರವರಿ 1ರವರೆಗೆ ನಡೆದ ಹಾಕಿ ಇಂಡಿಯಾ ಲೀಗಿನ ಪುರುಷರ ಹೆಚ್ಚಿನ ಪಂದ್ಯಗಳು ಇಲ್ಲಿಯೇ ಆದವು. ಎಂಟು ತಂಡಗಳಲ್ಲಿ ಕರ್ನಾಟಕದ್ದೊಂದೂ ಇರಲಿಲ್ಲವೆಂಬ ನೋವು ನನಗಿದೆ. ಆದರೂ ಇಂಥ ಲೀಗ್ ಪಂದ್ಯಗಳನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಪಂದ್ಯಗಳ ಸ್ಥಳ ಖಚಿತವಾದ ಮೇಲಷ್ಟೇ ರೈಲಿನ ಟಿಕೆಟ್ ಮಾಡಿಸಿ.

ಹಿಂದಿರುಗುವ ಟಿಕೆಟನ್ನು ಕೊನೆಯ ಪಂದ್ಯದ ಮರುದಿನಕ್ಕೆ ಇಟ್ಟುಕೊಳ್ಳಿ. ಭಾರತದ ಪಂದ್ಯ ಮುಗಿದ ಮೇಲೆ ಅಲ್ಲಿ ನಮಗೇನು ಕೆಲಸವೆಂದು ನಾನು 16ರ ರಾತ್ರಿಗೇ ಭುವನೇಶ್ವರದ ರೈಲಿಗೆ ಟಿಕೆಟ್ ತೆಗೆಸಿದ್ದೆ. ಅರ್ಜೆಂಟೀನಾ ಮತ್ತು ಆಸ್ಟ್ರೇಲಿಯಾ ಆಟಗಾರರು ಅಂಕಣಕ್ಕೆ ಇಳಿಯುತ್ತಿದ್ದಾಗ ನಾವು ಎದ್ದು ಹೊರಟೆವು. ಆ ಪಂದ್ಯ 3-3ರಲ್ಲಿ ಮುಗಿಯಿತೆಂಬುದನ್ನು ರೈಲಿನಲ್ಲಿ ಫೋನ್ ನೋಡಿ ಚಿಕ್ಕಪ್ಪನಿಗೆ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡು, ಸಂಬಲ್ಪುರ ಬರುವವರೆಗೂ ನನ್ನೊಡನೆ ಮಾತಾಡಲಿಲ್ಲ.