ಕಂಟ್ರೋಲರ್ ಹತ್ತಿರ 14.4, ಬ್ಯಾಟರಿ ಹತ್ತಿರ 13.6

ಮೈಸೂರಿನಲ್ಲಿ ನನ್ನದು ಸೋಲಾರ್ ಕೆಲಸ. ಮನೆ ತಾರಸಿ, ತೋಟದ ಪಂಪು, ಹೆಚ್ಚಾಗಿ ಇಷ್ಟೇ. ಕಳೆದ ವರ್ಷ ಅಂಗಡಿ ಮುಂದೆ ಒಂದು ಟೆಂಪೋ ಟ್ರಾವೆಲರ್ ಬಂದು ನಿಂತಿತು. ಒಳಗೆ ಮಂಚ, ಅಡುಗೆ ಕಟ್ಟೆ, ಪುಟ್ಟ ಫ್ರಿಜ್. ಮೇಲೆ 150 ವ್ಯಾಟಿನ ಎರಡು ಪ್ಯಾನೆಲ್. ರಿಟೈರ್ ಆದ ಮೇಷ್ಟ್ರೊಬ್ಬರು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಕ್ಯಾರವಾನ್ ಅದು.

"ಗೋಕರ್ಣದಲ್ಲಿ ಎರಡು ರಾತ್ರಿ ಇದ್ವಿ ಕಣ್ರೀ. ಎರಡು ದಿನವೂ ಬೆಳಗಿನ ಜಾವ ಫ್ರಿಜ್ ನಿಂತೋಯ್ತು. ಹಾಲೆಲ್ಲ ಒಡೆದೋಯ್ತು."

ವೈರಿಂಗ್ ಯಾರು ಮಾಡಿದ್ದು? ಗೊತ್ತಿಲ್ಲ. ಡ್ರಾಯಿಂಗ್ ಇದೆಯಾ? ಇಲ್ಲ. ಹತ್ತಿ ನೋಡಿದೆ. ಪ್ಯಾನೆಲ್ ವೈರ್ ಬಿಚ್ಚಿ ಮೀಟರ್ ಹಿಡಿದರೆ 21 ವೋಲ್ಟ್, ಸರಿ ಇದೆ. ಪ್ಯಾನೆಲ್ ಕರೆಂಟನ್ನು ಹದ ನೋಡಿ ಬ್ಯಾಟರಿಗೆ ಬಿಡುವ ಡಬ್ಬ ಕಂಟ್ರೋಲರ್, ಅದರ ಮೇಲೆ 14.4 ವೋಲ್ಟ್, ಹಸಿರು ಲೈಟು. ಬ್ಯಾಟರಿ ಮಾತ್ರ ಹಳೆಯದಾಗಿ ಕಂಡಿತು. "ಬ್ಯಾಟರಿ ಹೋಗಿದೆ ಸಾರ್" ಅಂದುಬಿಟ್ಟೆ. ಹತ್ತು ನಿಮಿಷದ ಕೆಲಸ. ಅವರು 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್, ಅಂದರೆ ಆಸಿಡ್ ತುಂಬಿದ ಇನ್ವರ್ಟರ್ ಥರದ ಬ್ಯಾಟರಿ, ಹೊಸದು ಹಾಕಿಸಿಕೊಂಡು ಹೋದರು.

ಇಪ್ಪತ್ತು ದಿನಕ್ಕೆ ವಾಪಸ್ ಬಂದರು. ಅದೇ ಕತೆ. ಬೈಯಲಿಲ್ಲ, ಫ್ಲಾಸ್ಕಿನಿಂದ ನನಗೂ ಕಾಫಿ ಬಗ್ಗಿಸಿ ಕೊಟ್ಟರು. ಬೈದಿದ್ದರೆ ವಾಸಿ ಇತ್ತು.

ಈ ಸಲ ಮೀಟರ್ ಮುಟ್ಟಲಿಲ್ಲ. ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂದೆ ಒಂದೊಂದೇ ವೈರ್ ಹಿಡಿದು ಎಲ್ಲಿಂದ ಎಲ್ಲಿಗೆ ಅಂತ ಬರೆಯುತ್ತಾ ಹೋದೆ. ಎರಡು ಗಂಟೆ ಹಿಡಿಯಿತು. ಕಂಟ್ರೋಲರ್ ಇರುವುದು ಡ್ರೈವರ್ ಸೀಟಿನ ಹಿಂದೆ, ಡಿಸ್‌ಪ್ಲೇ ಕಾಣಲಿ ಅಂತ. ಬ್ಯಾಟರಿ ಇರುವುದು ಹಿಂದಿನ ಮಂಚದ ಕೆಳಗೆ, ಗಾಳಿಯಾಡದ ಪೆಟ್ಟಿಗೆಯಲ್ಲಿ. ಟ್ಯೂಬ್ಯುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್, ಅಂದರೆ ಬೆಂಕಿ ಹತ್ತುವ ಗ್ಯಾಸ್, ಬಿಡುತ್ತದೆ, ಅದರ ಮೇಲೆ ಇಬ್ಬರು ಮಲಗುತ್ತಿದ್ದರು! ಪ್ಲಸ್ ವೈರಿಗೆ ಫ್ಯೂಸೇ ಇಲ್ಲ. ಕಂಟ್ರೋಲರಿಗೂ ಬ್ಯಾಟರಿಗೂ ನಡುವೆ ನಾಲ್ಕು ಮೀಟರ್ ದೂರ, ಎಳೆದಿರುವುದು ಮನೆ ಪ್ಲಗ್ಗಿಗೆ ಹಾಕುವ 2.5 ಸ್ಕ್ವೇರ್ ಎಂಎಂ ವೈರು. ಇವೆಲ್ಲ ಮೊದಲ ದಿನವೂ ಅಲ್ಲೇ ಇದ್ದವು.

ಆಮೇಲೆ ಮಟಮಟ ಮಧ್ಯಾಹ್ನ ಚಾರ್ಜ್ ಆಗುತ್ತಿರುವಾಗಲೇ ಅಳೆದೆ. ವೈರ್ ಬಿಚ್ಚದೆ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್, ಅದರಲ್ಲೂ ಡಿಸಿ ಓದುವುದು ಬೇಕು, ಬರೀ ಎಸಿ ಕ್ಲ್ಯಾಂಪ್ ಇಲ್ಲಿ ಸುಮ್ನೆ ಸೊನ್ನೆ ತೋರಿಸುತ್ತದೆ. ವೈರಿನಲ್ಲಿ 14 ಆಂಪಿಯರ್. ಕಂಟ್ರೋಲರ್ ಟರ್ಮಿನಲ್ಲಿನಲ್ಲಿ 14.4 ವೋಲ್ಟ್. ಅದೇ ಹೊತ್ತಿಗೆ ಬ್ಯಾಟರಿ ಟರ್ಮಿನಲ್ಲಿನಲ್ಲಿ 13.6.

ಹೋಗಿ ಬರುವ ಎಂಟು ಮೀಟರ್ ಸಣ್ಣ ವೈರು 0.8 ವೋಲ್ಟ್ ನುಂಗುತ್ತಿತ್ತು. ಕಂಟ್ರೋಲರಿಗೆ ಕಾಣುವುದು ತನ್ನ ಮೂತಿಯಲ್ಲಿರುವ ವೋಲ್ಟೇಜು ಅಷ್ಟೇ. ಬ್ಯಾಟರಿ ತುಂಬುತ್ತಾ ಬಂತು ಅಂದುಕೊಂಡು ಬೇಗನೆ ಕರೆಂಟ್ ತಗ್ಗಿಸುತ್ತದೆ. ಕರೆಂಟ್ ಕಮ್ಮಿ ಆದಂತೆ ಡ್ರಾಪೂ ಕಮ್ಮಿ ಆಗುತ್ತದೆ ನಿಜ, ಆದರೆ ಅಷ್ಟರಲ್ಲಿ ಸಂಜೆ. ಆಸಿಡ್ ಎಷ್ಟು ಗಟ್ಟಿ ಇದೆ ಅಂತ ನೋಡುವ ಹೈಡ್ರೋಮೀಟರ್ ಬ್ಯಾಟರಿಗೆ ಹಾಕಿದರೆ 1190. ತುಂಬಿದ ಟ್ಯೂಬ್ಯುಲರ್ ಸುಮಾರು 1240 ತೋರಿಸಬೇಕು. ಅರ್ಧ ಹೊಟ್ಟೆಯಲ್ಲೇ ದಿನಾ ರಾತ್ರಿ ಫ್ರಿಜ್ ಎಳೆಯುತ್ತಿತ್ತು ಪಾಪ. ನಾನು ಮೊದಲ ದಿನ ಪ್ಯಾನೆಲ್ ಬಿಚ್ಚಿ ನೋಡಿದ್ದೆ, ಕಂಟ್ರೋಲರ್ ಮುಖ ನೋಡಿದ್ದೆ. ಕರೆಂಟ್ ಹರಿಯುವಾಗ ಬ್ಯಾಟರಿಗೆ ಮೀಟರ್ ಹಿಡಿದೇ ಇರಲಿಲ್ಲ.

ಪ್ಯಾನೆಲ್ ಮೇಲೆ ಬೆಡ್‌ಶೀಟ್ ಹೊದಿಸಿ, ಮೊದಲು ಪ್ಯಾನೆಲ್ ವೈರ್, ಆಮೇಲೆ ಬ್ಯಾಟರಿ ವೈರ್ ಬಿಚ್ಚಿದೆವು. ಜೋಡಿಸುವಾಗ ಉಲ್ಟಾ, ಬ್ಯಾಟರಿ ಮೊದಲು. ಕಂಟ್ರೋಲರ್ ಹಿಂದಕ್ಕೆ ತಂದು, ಒಂದು ಮೀಟರ್ ದೂರಕ್ಕೆ 10 ಸ್ಕ್ವೇರ್ ಎಂಎಂ ವೈರ್ ಎಳೆದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕೂರಿಸಿದೆ. ಪೆಟ್ಟಿಗೆಯಿಂದ ಹೊರಕ್ಕೆ ಗಾಳಿ ಕೊಳವೆಯನ್ನೂ ಬಿಟ್ಟೆ. ಮತ್ತೆ ಅಳೆದರೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ.

ಮುಂದಿನ ಟ್ರಿಪ್ಪಿನಲ್ಲಿ ಹಾಲು ಒಡೆಯಲಿಲ್ಲ. ವೈರಿಂಗಿಗೆ ನಾನು ಕೂಲಿ ತೆಗೆದುಕೊಳ್ಳಲಿಲ್ಲ. ಆದರೆ ಅವರ ಹಳೆ ಬ್ಯಾಟರಿ ಆಗಲೇ ಎಕ್ಸ್‌ಚೇಂಜಿಗೆ ಹೋಗಿಬಿಟ್ಟಿತ್ತು. ಅದು ನಿಜಕ್ಕೂ ಹಾಳಾಗಿತ್ತಾ ಅಂತ ಮೇಷ್ಟ್ರು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.